ಹೋಬರ್ಟ್ ಟ್ಯಾಕೆಟ್ ಪಿಸ್ತೂಲು ಆರಿಸಿದ್ದು

ಗುರಿಕಾರರ ತಂಡದ ಐವರಲ್ಲಿ ಒಬ್ಬ ಮಂಡಿನೋವೆಂದು ಫ್ಲಾರಿಡಾಕ್ಕೆ ಹೋಗಿ ನೆಲೆಸಿದ್ದೇ ಹೋಬರ್ಟ್ ಟ್ಯಾಕೆಟ್‌ನ ಗ್ರಹಚಾರಕ್ಕೆ ಮೂಲವಾಯಿತು.

ಕೆಂಟಕಿಯ ಗುಡ್ಡಗಳ ಸಂದಿಯಲ್ಲಿರುವ ಹ್ಯಾಕ್‌ಬೆರಿಯಲ್ಲಿ ಶನಿವಾರ ಸಂಜೆಯೆಂದರೆ ಹಳೆಯ ಕಲ್ಲುಕ್ವಾರಿ. ಅಲ್ಲಿ ಸಾಲಾಗಿ ನಿಲ್ಲಿಸಿದ ಆರು ಕಬ್ಬಿಣದ ಬಿಲ್ಲೆಗಳನ್ನು ಪಿಸ್ತೂಲಿನಿಂದ ಹೊಡೆದು ಬೀಳಿಸಬೇಕು. ತಂಡದವರಿಗೆ ಹೆಸರು ಹೊಲಿದ ನೀಲಿ ಅಂಗಿ, ಪಕ್ಕದೂರಿನವರ ಜೊತೆ ಪಂದ್ಯ, ಹೋಟೆಲಿನಲ್ಲಿ ಕಿಟಕಿ ಪಕ್ಕದ ಮೇಜು. ಲೈಬ್ರರಿಯ ಪುಸ್ತಕದ ವ್ಯಾನು ಓಡಿಸುವ ಹೋಬರ್ಟ್ ಹನ್ನೊಂದು ವರ್ಷದಿಂದ ಬೆಂಚಿನ ಮೇಲೆ ಕೂತು ಅವರಿಗೆ ಚಪ್ಪಾಳೆ ತಟ್ಟುತ್ತಿದ್ದ. ಊರಿನಲ್ಲಿ ಸ್ವಂತ ಬಂದೂಕಿಲ್ಲದ ಗಂಡಸರು ಇಬ್ಬರೇ: ಒಬ್ಬ ಹೋಬರ್ಟ್, ಇನ್ನೊಬ್ಬ ಇನ್ನೂ ತೊಟ್ಟಿಲಲ್ಲಿದ್ದ.

"ಆ ಜಾಗಕ್ಕೆ ನಾನೂ ಬರಬಹುದಾ?" ಎಂದು ಅವನು ತಂಡದ ನಾಯಕ ಲೆಂಡನ್‌ನನ್ನು ಕೇಳಿದಾಗ ಲೆಂಡನ್ ನಗಲಿಲ್ಲ. ಅದೇ ದೊಡ್ಡದು.

"ಶನಿವಾರ ನಾಲ್ಕಕ್ಕೆ ಬಾ. ಪಿಸ್ತೂಲು ಸ್ವಂತದ್ದೇ ಆಗಿರ್ಬೇಕು, ಎರವಲು ನಡೆಯಲ್ಲ. ಆರು ಗುಂಡು, ಆರು ಬಿಲ್ಲೆ. ಜಾಸ್ತಿ ಬೀಳಿಸಿದೋರಿಗೆ ಜಾಗ. ಮೊದಲು ಹೊಡೆದೋರ ಸಮಕ್ಕೆ ಬಂದ್ರೆ ಇನ್ನೊಂದು ಸುತ್ತು."

ಹೆಂಡತಿ ಇಮೋಜೀನ್‌ಗೆ ಹೋಬರ್ಟ್ ಈ ವಿಷಯ ಹೇಳಲಿಲ್ಲ. ಸೋತು ಬಂದರೆ ಅವಳು ಬೈಯುವವಳಲ್ಲ, ಕನಿಕರಪಡುವವಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನಿಗೆ ಸಾಕಾಗಿ ಹೋಗಿದ್ದು ಆ ಕನಿಕರವೇ.

ಶನಿವಾರ ಬೆಳಿಗ್ಗೆ, "ಹುಲ್ಲು ಕತ್ತರಿಸೋ ಮೆಷಿನ್ನಿನ ಬ್ಲೇಡು ಸಾಣೆ ಹಿಡಿಸ್ಕೊಂಡು ಬರ್ತೀನಿ" ಅಂದ.

"ನಿಧಾನಕ್ಕೆ ಬಾ. ನಾನೂ ಕೌದಿ ಹೊಲಿಯೋಕೆ ಚರ್ಚಿಗೆ ಹೋಗ್ತಿದೀನಿ" ಅಂದಳು ಇಮೋಜೀನ್. ಬ್ಲೇಡು ಹೋದ ವಾರವಷ್ಟೇ ಹಿಡಿಸಿದ್ದಲ್ಲವೇ ಎಂದು ಅವಳು ಕೇಳದೆ ಬಿಟ್ಟಿದ್ದಕ್ಕೆ ಹೋಬರ್ಟ್ ದೇವರಿಗೆ ಕೈ ಮುಗಿದ.

ವರ್ನಾಳ ಅಂಗಡಿಯಲ್ಲಿ ಮುಂದಿನ ಫ್ರಿಜ್ಜಿನಲ್ಲಿ ಮೀನಿನ ಗಾಳಕ್ಕೆ ಎರೆಹುಳು, ಹಿಂದಿನ ಗಾಜಿನ ಪೆಟ್ಟಿಗೆಯಲ್ಲಿ ಪಿಸ್ತೂಲು. ಎರಡಕ್ಕೂ ನಡುವೆ ಕಾಫಿ ಪಾತ್ರೆ, ಅದರ ಸುತ್ತ ಏನೂ ಕೊಳ್ಳದೆ ಕೂರುವವರಿಗಾಗಿ ನಾಲ್ಕು ಕುರ್ಚಿ. ಆವತ್ತು ಅಲ್ಲಿ ಕ್ಷೌರದಂಗಡಿಯ ಡೆಲ್ಮರ್ ಇದ್ದ, ಪಾಸ್ಟರ್ ಫ್ಯೂಗೇಟ್ ಇದ್ದರು. ಹೋಬರ್ಟ್ ಎರೆಹುಳದ ಫ್ರಿಜ್ಜನ್ನು ದಾಟಿ ಒಳಗೆ ಬಂದದ್ದು ನೋಡಿ ಇಬ್ಬರೂ ಕಾಫಿ ಕೆಳಗಿಟ್ಟರು.

"ವರ್ನಕ್ಕಾ, ನಂಗೊಂದು ಪಿಸ್ತೂಲು ಬೇಕು. ಬಿಲ್ಲೆ ಹೊಡೆಯೋಕೆ."

"ಕೊನೆಗೂ ಗಂಡಸಾದೆಯಲ್ಲೋ!" ಎಂದು ಡೆಲ್ಮರ್ ಎದ್ದೇ ಬಂದ. "ನೋಡು ಮಾರಾಯ, ಬೇರೆ ಯಾರ ಮಾತೂ ಕೇಳ್ಬೇಡ. ನಲವತ್ತೈದರದ್ದು ತಗೋ, ದಪ್ಪ ಗುಂಡಿಂದು. ಅಗೋ, ಆ ಕಪ್ಪಂದು. ಒಂದೇಟಿಗೆ ಬಿಲ್ಲೆ ಅಲ್ಲ, ಅದನ್ನ ಮಾಡಿದೋನೂ ಬೀಳ್ತಾನೆ."

"ಛೆ ಛೆ, ಅಷ್ಟು ದೊಡ್ಡದು ಯಾಕೆ?" ಪಾಸ್ಟರ್ ಮೃದುವಾಗಿ ತಡೆದರು. "ಆ ಬೆಳ್ಳಿ ಬಣ್ಣದ ಪುಟ್ಟದು ನೋಡು ಮಗನೇ. ಕೈಗೆ ಹಗುರ, ಮನಸ್ಸಿಗೂ ಹಗುರ. ಪ್ರಾರ್ಥನೆ ಮಾಡಿ ಹೇಳ್ತಿದೀನಿ."

ಹೋಬರ್ಟ್ ನಲವತ್ತೈದನ್ನು ಕೈಗೆತ್ತಿಕೊಂಡು ಡೆಲ್ಮರ್ ಕಡೆಗೆ ತಿರುಗಿದ. ಪಿಸ್ತೂಲೂ ಅವನ ಜೊತೆ ತಿರುಗಿತು. ಡೆಲ್ಮರ್ ಕುರ್ಚಿಯ ಹಿಂದೆ ಕೂತ, ಪಾಸ್ಟರ್ ಫ್ರಿಜ್ಜಿನ ಹಿಂದೆ.

"ಮೂತಿ ಕೆಳಗೆ!" ವರ್ನಾ ಗದರಿದಳು. "ತುಂಬಿರ್ಲಿ, ಬರಿದಿರ್ಲಿ, ಮೂತಿ ಕೆಳಗೆ! ಪಾಸ್ಟರ್‌ಗೆ ಸ್ವರ್ಗಕ್ಕೆ ಹೋಗೋ ಆತುರ ಇಲ್ಲ."

ಅಂಗಡಿಯ ಹಿತ್ತಲಲ್ಲಿ ಒಂದು ಮಣ್ಣಿನ ದಿಬ್ಬ, ಅದರ ಮೇಲೆ ಐದು ಖಾಲಿ ಕಾಫಿ ಡಬ್ಬಿ. ಕೊಳ್ಳುವವರು ಹೊಡೆದು ನೋಡಬಹುದು. ಕನ್ನಡಕ, ಕಿವಿಮುಚ್ಚುಗ ಹಾಕಿಕೊಂಡು ಹೋಬರ್ಟ್ ಮೊದಲು ನಲವತ್ತೈದನ್ನು ಹೊಡೆದ. ಗುಂಡು ಮುಂದೆ ಹೋಯಿತು, ಹೋಬರ್ಟ್ ಹಿಂದೆ ಹೋದ. ಡಬ್ಬಿಗಳು ಇದ್ದಲ್ಲೇ ಇದ್ದವು.

"ಅಭ್ಯಾಸ ಆಗುತ್ತೆ. ನಂಗೂ ಹಂಗೇ ಆಗಿತ್ತು" ಅಂದ ಡೆಲ್ಮರ್.

ಆಮೇಲೆ ಪಾಸ್ಟರ್ ಹೇಳಿದ ಬೆಳ್ಳಿಯದು. ಒಂದು ಗುಂಡು ಹಾರಿತು. ಹಾರಿದ ಗುಂಡಿನ ಖಾಲಿ ಚಿಪ್ಪು ಪಕ್ಕಕ್ಕೆ ಸಿಡಿಯುವ ಬದಲು ನೆಟ್ಟಗೆ ಮೇಲೆದ್ದು, ಕೆಂಡದಂತೆ ಕಾದದ್ದು ಹೋಬರ್ಟ್‌ನ ಅಂಗಿಯ ಕಾಲರಿನೊಳಗೆ ಇಳಿಯಿತು. ಅವನು ಪಿಸ್ತೂಲನ್ನು ಮೇಜಿನ ಮೇಲಿಟ್ಟು ಕುಣಿದ. ಎರಡೂ ಕೈ ಮೇಲೆತ್ತಿ, ಸೊಂಟ ಬಳುಕಿಸಿ, ಕೂಗುತ್ತಾ ಕುಣಿದ.

"ಹಲ್ಲೆಲೂಯಾ! ಹನ್ನೊಂದು ವರ್ಷದಲ್ಲಿ ನನ್ನ ಚರ್ಚಲ್ಲಿ ಇವನು ಒಂದಿನಾನೂ ಹಿಂಗೆ ಕುಣಿದಿರಲಿಲ್ಲ" ಅಂದರು ಪಾಸ್ಟರ್.

ಹಲವು ಜನ ಸೇರಿದರೆ ಹಾವು ಸಾಯದು ಅನ್ನುತ್ತಾರೆ. ಅಷ್ಟರಲ್ಲಿ ಎರೆಹುಳ ಕೊಳ್ಳಲು ಬಂದವರೂ ಹಿತ್ತಲಿಗೆ ಬಂದು ಒಬ್ಬೊಬ್ಬರು ಒಂದೊಂದು ಪಿಸ್ತೂಲು ಹೊಗಳತೊಡಗಿದರು. ಗಂಟೆ ಎರಡಾಯಿತು. ತಲೆ ಕೆಟ್ಟು ಹೋಬರ್ಟ್ ಒಬ್ಬನೇ ಒಳಗೆ ಬಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತ. ಪ್ರತಿ ಪಿಸ್ತೂಲಿಗೂ ದಾರದಲ್ಲಿ ಒಂದು ಬೆಲೆಚೀಟಿ ಕಟ್ಟಿತ್ತು. ಸುಮ್ಮನೆ ನಲವತ್ತೈದರ ಚೀಟಿ ತಿರುಗಿಸಿದ. ಹಿಂದೆ ವರ್ನಾಳ ಕೈಬರಹ: 'ಡೆಲ್ಮರ್‌ದು. ಮಾರಿಕೊಡಬೇಕು.'

ಬೆಳ್ಳಿಯದರ ಚೀಟಿ ತಿರುಗಿಸಿದ. 'ಪಾಸ್ಟರ್‌ದು. ಬೇಗ ಮಾರಿಕೊಡಬೇಕು.'

ಹೋಬರ್ಟ್‌ನ ಕಿವಿ ಕೆಂಪಾಯಿತು. ಊರಿನವರೆಲ್ಲ ತಂತಮ್ಮ ಬೇಡದ ಪಿಸ್ತೂಲನ್ನು ವರ್ನಾಳ ಹತ್ತಿರ ಮಾರಲು ಇಟ್ಟು, ಅದನ್ನೇ ಅವನ ತಲೆಗೆ ಕಟ್ಟಲು ಬೆಳಿಗ್ಗೆಯಿಂದ ಬೆವರು ಸುರಿಸುತ್ತಿದ್ದರು. ಕೋಪಕ್ಕಿಂತ ಹೆಚ್ಚಾಗಿ ಅವನಿಗೆ ನೋವಾಯಿತು. ಅವರೆಲ್ಲ ಕುರ್ಚಿ ಬಿಟ್ಟು ಎದ್ದು ಬಂದದ್ದು ತನ್ನ ಮೇಲಿನ ಪ್ರೀತಿಗೆ ಅಂದುಕೊಂಡಿದ್ದ ಬಡಪಾಯಿ.

ಹಾಗಾದರೆ ಯಾರೂ ಹೊಗಳದ ಪಿಸ್ತೂಲೇ ಒಳ್ಳೆಯ ಪಿಸ್ತೂಲು! ತನ್ನ ಬುದ್ಧಿಗೆ ತಾನೇ ಬೆರಗಾಗಿ ಅವನು ಕಣ್ಣಾಡಿಸಿದ. ಮೂಲೆಯಲ್ಲಿ ಮರದ ಹಿಡಿಯ, ಉದ್ದ ನಳಿಗೆಯ ಹಳೆಯ ರಿವಾಲ್ವರ್ ಒಂದಿತ್ತು. ಬೆಳಿಗ್ಗೆಯಿಂದ ಅದರ ಸುದ್ದಿ ಒಬ್ಬರೂ ಎತ್ತಿರಲಿಲ್ಲ.

"ವರ್ನಕ್ಕಾ, ಅದು."

ಹಿತ್ತಲಿನಿಂದ ಬಂದ ವರ್ನಾ ಅದನ್ನು ನೋಡಿದಳು, ಹೋಬರ್ಟ್‌ನನ್ನು ನೋಡಿದಳು, ಕೆಮ್ಮಿದಳು. ಅದರ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡಳು. ಹಿಂದೆಯೇ ಬಂದ ಡೆಲ್ಮರ್ ಪಾಸ್ಟರ್ ಕಡೆ ನೋಡಿದ, ಪಾಸ್ಟರ್ ಕಾಫಿ ಪಾತ್ರೆಯ ಕಡೆ ನೋಡಿದರು.

"ಇದೇನಾ? ಮನೇಲಿ ಒಂದ್ಮಾತು ಕೇಳಿ ತಗೊಂಡ್ರೆ?" ಅಂದಳು ವರ್ನಾ.

"ಪಿಸ್ತೂಲು ತಗೊಳ್ಳೋಕೆ ಹೆಂಡತಿ ಅಪ್ಪಣೆ ಬೇಕಾ ನಂಗೆ?"

"ಅಲ್ಲ ಕಣೋ, ಹಂಗಲ್ಲ..."

"ಹೊಡೆದು ನೋಡ್ತೀನಿ, ಕೊಡು."

ವರ್ನಾ ತಾನೇ ಕೂತು ಐದು ಗುಂಡು ತುಂಬಿ ಕೊಟ್ಟಳು. ಹೋಬರ್ಟ್ ದಿಬ್ಬದ ಮುಂದೆ ನಿಂತು ಉಸಿರು ಹಿಡಿದ. ಮೊದಲ ಡಬ್ಬಿ ಬಿತ್ತು. ಎರಡನೆಯದು ಬಿತ್ತು. ಐದೂ ಬಿದ್ದವು. ರಿವಾಲ್ವರ್ ಅವನ ಅಂಗೈಯಲ್ಲಿ ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕೂತಿತ್ತು. ಮದುವೆಯ ದಿನ ಬಿಟ್ಟರೆ ಇಷ್ಟು ಸಂತೋಷ ಅವನಿಗೆ ಎಂದೂ ಆಗಿರಲಿಲ್ಲ.

"ಹೋಬರ್ಟ್, ಇದರ ಬಗ್ಗೆ ಒಂದು ವಿಷಯ ಹೇಳ್ಬೇಕು..." ಎಂದು ವರ್ನಾ ಶುರುಮಾಡಿದಳು.

"ಸಾಕು!" ಎಂದು ಗುಡುಗಿದ ಲೈಬ್ರರಿಯವನು. "ಬೆಳಿಗ್ಗೆಯಿಂದ ಎಲ್ಲರ ಉಪದೇಶ ಕೇಳಿದೀನಿ. ಇನ್ನು ಒಬ್ಬರೂ ಒಂದಕ್ಷರ ಆಡಬಾರದು. ಫಾರಂ ಕೊಡು."

ವರ್ನಾ ಬಾಯಿ ಮುಚ್ಚಿಕೊಂಡು ಸರ್ಕಾರದ ಫಾರಂ ಕೊಟ್ಟಳು. ಹೆಸರು, ಊರು ಸರಸರ ಬರೆದ ಹೋಬರ್ಟ್ ಒಂದು ಪ್ರಶ್ನೆಯ ಮುಂದೆ ನಿಂತ: 'ನೀವು ಕಾನೂನಿನಿಂದ ತಲೆಮರೆಸಿಕೊಂಡವರೇ?'

"ಪಾಸ್ಟರ್, ಲೈಬ್ರರಿಯ ಒಂದು ಪುಸ್ತಕ ನನ್ನ ಹತ್ರಾನೇ ಉಳಿದುಬಿಟ್ಟಿದೆ. ಒಂಬತ್ತು ವರ್ಷ ಆಯ್ತು. ವ್ಯಾನು ನಾನೇ ಓಡಿಸೋದು. ಅಂದ್ರೆ ನನ್ನಿಂದ ನಾನೇ ತಲೆಮರೆಸ್ಕೊಂಡ ಹಾಗಲ್ವಾ?"

"ಯಾವ ಪುಸ್ತಕ?"

"ಸತ್ಯಸಂಧರಾಗಿ ಬದುಕೋದು ಹೇಗೆ ಅಂತ."

"'ಇಲ್ಲ' ಅಂತ ಬರಿಯೋ, ಪುಣ್ಯಾತ್ಮ!" ಎಂದಳು ವರ್ನಾ. ಫೋನಿನಲ್ಲಿ ಸರ್ಕಾರದವರು ಇವನ ಜಾತಕ ನೋಡಿ ಒಪ್ಪಿಗೆ ಕೊಡುವಾಗ ಮೂರೂವರೆ ಆಗಿತ್ತು. ಹಣ ಎಣಿಸಿಟ್ಟು ಹೋಬರ್ಟ್ ಕ್ವಾರಿಯತ್ತ ವ್ಯಾನು ಓಡಿಸಿದ. ಹಿಂದೆಯೇ ಡೆಲ್ಮರ್, ಪಾಸ್ಟರ್, ಎರೆಹುಳದವರು, ಎಲ್ಲರೂ ಹೊರಟರು. ಅಂಗಡಿಗೆ ಬೀಗ ಹಾಕಿ ವರ್ನಾ ಕೂಡ.

ಅವನು ಕ್ವಾರಿಯಲ್ಲಿ ಇಳಿಯುವಾಗಲೇ ಯಾರೋ ಹೊಡೆಯುತ್ತಿದ್ದರು. ಆರು ಸದ್ದು, ಆರು ಠಣ್. ಆರೂ ಬಿಲ್ಲೆ ಬಿದ್ದಿದ್ದವು. ಎದುರಾಳಿಯ ಮುಖ ನೋಡಿದರೆ ಗುರಿ ತಪ್ಪುತ್ತದೆಂದು ಹೋಬರ್ಟ್ ತಲೆಯೆತ್ತಲೇ ಇಲ್ಲ. ಕ್ಯಾಪು, ಕನ್ನಡಕ, ಕಿವಿಮುಚ್ಚುಗ ಹಾಕಿದ ಆ ಆಸಾಮಿ ಬೆಂಚಿನ ಕಡೆ ಸರಿದದ್ದಷ್ಟೇ ಕಣ್ಣಂಚಿಗೆ ಬಿತ್ತು.

"ಆರೂ ಬೀಳಿಸ್ಬೇಕು ಕಣೋ, ಇಲ್ದಿದ್ರೆ ಜಾಗ ಹೋಯ್ತು" ಅಂದ ಲೆಂಡನ್. "ಗೆರೆ ಮೇಲೆ ಒಬ್ಬರು ನಿಂತಾಗ ಯಾರೂ ಮಾತಾಡೋ ಹಾಗಿಲ್ಲ. ಶುರು ಮಾಡು."

ಹೋಬರ್ಟ್ ಆರು ಗುಂಡು ತುಂಬಿದ. ಒಂದು, ಠಣ್. ಎರಡು, ಠಣ್. ಮೂರು. ನಾಲ್ಕು. ಐದು! ಹನ್ನೊಂದು ವರ್ಷ ತಾನು ಕೂತಿದ್ದ ಬೆಂಚು ಉಸಿರು ಬಿಗಿಹಿಡಿದದ್ದು ಅವನಿಗೆ ಬೆನ್ನಿನಲ್ಲೇ ಗೊತ್ತಾಯಿತು. ಆರನೆಯ ಬಿಲ್ಲೆಗೆ ಹಿಡಿದ ಗುರಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಟ್ರಿಗರ್ ಒತ್ತಿದ.

ಟಿಕ್.

ಅಷ್ಟೇ. ಬಿಲ್ಲೆ ನಿಂತೇ ಇತ್ತು.

"ಅದರಲ್ಲಿ ಐದೇ ಹಾರೋದು, ಹೋಬಿ," ಹಿಂದಿನಿಂದ ಒಂದು ದನಿ ಬಂತು. "ಅಪ್ಪನ ಕಾಲದಿಂದಲೂ ಅಷ್ಟೇ."

"ಮೂತಿ ಕೆಳಗೆ!" ಎಂದು ಊರೇ ಕೂಗಿತು. ಹೋಬರ್ಟ್ ರಿವಾಲ್ವರನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ತಿರುಗಿದ. ಕ್ಯಾಪು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದಳು ಇಮೋಜೀನ್.

"ಕೌದಿ?" ಅಂದ ಹೋಬರ್ಟ್.

"ಬ್ಲೇಡು?" ಅಂದಳು ಇಮೋಜೀನ್.

ಹೋಬರ್ಟ್ ಮೇಜಿನ ಮೇಲಿನ ರಿವಾಲ್ವರ್ ಕಡೆ ಬೆರಳು ತೋರಿಸಿದ.

"ಇದು ನಿಮ್ಮಪ್ಪಂದಾ?"

"ಹೂಂ. ಆರು ವರ್ಷದಿಂದ ನಮ್ಮ ಮಂಚದ ಕೆಳಗಿನ ಪೆಟ್ಟಿಗೇಲಿ ಇತ್ತು. ನೀನು ಅದರ ಮೇಲೇ ಮಲಗ್ತಿದ್ದೆ. ಹೋದ ತಿಂಗಳು ಮಾರಿಕೊಡು ಅಂತ ವರ್ನಾ ಹತ್ರ ಇಟ್ಟೆ. ಬಂದ ದುಡ್ಡಲ್ಲಿ ನನ್ನ ಹೊಸ ಪಿಸ್ತೂಲಿಗೆ ಒಂದು ಒಳ್ಳೆ ಚೀಲ ಕೊಳ್ಳೋಣ ಅಂತ." ಅವಳು ವರ್ನಾಳ ಕಡೆ ತಿರುಗಿದಳು. "ನಿಂಗೆ ಹೇಳೋಕೇನಾಗಿತ್ತೇ?"

"ನಿನ್ನ ಗಂಡನಿಗೆ ಉಸಿರೆತ್ತಬೇಡ ಅಂತ ಬೈಬಲ್ ಮುಟ್ಟಿಸಿದ್ದು ನೀನು. ಬಾಯೇ ಬಿಡ್ಬೇಡ ಅಂದಿದ್ದು ಅವನು. ಗಂಡ ಹೆಂಡತಿ ಇಬ್ಬರ ಮಾತೂ ನಡೆಸಿಕೊಟ್ಟಿದೀನಿ" ಅಂದಳು ವರ್ನಾ.

ಲೆಂಡನ್ ನೀಲಿ ಅಂಗಿ ತಂದು ಇಮೋಜೀನ್ ಕೈಗೆ ಕೊಟ್ಟ. ಊರೆಲ್ಲ ಚಪ್ಪಾಳೆ ತಟ್ಟಿತು. ಬೇರೇನು ಮಾಡಬೇಕೆಂದು ತೋಚದೆ ಹೋಬರ್ಟ್ ಕೂಡ ತಟ್ಟಿದ. ಇಮೋಜೀನ್ ಅವನ ಹತ್ತಿರ ಬಂದು, ಹೆಗಲ ಮೇಲೆ ಕೈಯಿಟ್ಟು, ಅವನು ಬೆಳಿಗ್ಗೆಯಿಂದ ಯಾವುದಕ್ಕೆ ಹೆದರಿದ್ದನೋ ಅದೇ ಕಣ್ಣಿನಲ್ಲಿ ನೋಡಿದಳು.

"ಬೇಜಾರು ಮಾಡ್ಕೋಬೇಡ ಚಿನ್ನಾ. ಐದು ಬೀಳಿಸಿದ್ದೂ ಕಮ್ಮಿ ಏನಲ್ಲ."