ಗಡಿಯಾರದವರ ಔಷಧದ ಚೀಲ

ಆ ಮನೆಯ ಗಡಿಯಾರಗಳೆಲ್ಲ ಒಂದೇ ಹೊತ್ತು ತೋರಿಸುತ್ತವೆ, ಗಂಡ ಹೆಂಡತಿ ಮಾತ್ರ ಎಂದೂ ಒಂದೇ ಮಾತು ಆಡಿದ್ದಿಲ್ಲ ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ಗಂಡ ಗಡಿಯಾರ ರಿಪೇರಿಯವರು. ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡು ಬಂದ ಮೇಲೆ ಅವರ ಎದೆಯೂ ಟಿಕ್ ಟಿಕ್ ಎನ್ನತೊಡಗಿತ್ತು, ಪಕ್ಕದಲ್ಲಿ ನಿಂತವರಿಗೆ ಕೇಳುವಷ್ಟು.

ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದಲ್ಲ, ಅದಕ್ಕೆ ಡಾಕ್ಟರು ರಕ್ತ ತೆಳುವಾಗಿಡುವ ಮಾತ್ರೆ ಕೊಟ್ಟಿದ್ದರು. ಸೊಪ್ಪು ದಿನವೂ ಒಂದೇ ಅಳತೆಯಲ್ಲಿರಲಿ, ನನ್ನನ್ನು ಕೇಳದೆ ಬೇರೆ ಔಷಧ ಮುಟ್ಟಬೇಡಿ ಎಂದಿದ್ದರು.

"ಸಾವಿರ ಗಡಿಯಾರ ಹದಕ್ಕೆ ತಂದವನು ನಾನು. ನನ್ನ ರಕ್ತ ಯಾವ ಮಹಾ!" ಎಂದು ಇವರು ಎದೆ ತಟ್ಟಿಕೊಂಡರು. ಎದೆ ಟಿಕ್ ಎಂದಿತು.

ಸೊಪ್ಪು ಮಾತ್ರೆಯ ಬಲ ಕುಗ್ಗಿಸುತ್ತದೆಂದು ಯಾರೋ ಹೇಳಿದ್ದೇ ತಡ, ತಟ್ಟೆಯಿಂದ ಸೊಪ್ಪನ್ನೇ ಗಡೀಪಾರು ಮಾಡಿದರು. ಸೊಪ್ಪಿಲ್ಲದೆ ಗಂಡ ಬಿಳಿಚಿಕೊಂಡಾರು ಎಂದು ಹೆದರಿದ ಹೆಂಡತಿ ಅದನ್ನು ಒಣಗಿಸಿ, ಪುಡಿ ಮಾಡಿ, ಗುಟ್ಟಾಗಿ ದಿನವೂ ಹಿಟ್ಟಿಗೆ ಬೆರೆಸಿದಳು. ಮುಂದಿನ ಪರೀಕ್ಷೆಯಲ್ಲಿ ರಕ್ತ ಮಂದ ಎಂದು ಬಂತು. ಹಿಂದೆ ಬಿದ್ದ ಮುಳ್ಳನ್ನು ಮುಂದೆ ತಿರುಗಿಸಿಯೇ ಅಭ್ಯಾಸವಿದ್ದ ಇವರು ರಕ್ತ ತೆಳುವಾಗಲೆಂದು ಗುಟ್ಟಾಗಿ ಬೆಳ್ಳುಳ್ಳಿ ಗುಳಿಗೆ ನುಂಗತೊಡಗಿದರು. ಮಂಡಿನೋವಿಗೆಂದು ಇನ್ನೊಂದು ಮಾತ್ರೆಯೂ ಸೇರಿತು, ಅದೂ ಅದೇ ಕಡೆಗೆ ಎಳೆಯುವಂಥದ್ದು. ಅವಳು ಹಿಂದಕ್ಕೆ, ಇವರು ಮುಂದಕ್ಕೆ! ಹಗ್ಗಜಗ್ಗಾಟದಲ್ಲಿ ರಕ್ತ ಹೇಗೋ ನಡುವೆ ನಿಂತಿತು. ಇವರು ಅದನ್ನು ತಮ್ಮ ಕೈಚಳಕ ಎಂದುಕೊಂಡರು.

ಅಷ್ಟರಲ್ಲಿ ಹೆಂಡತಿ ಹತ್ತು ದಿನ ಅಕ್ಕನ ಮನೆಗೆ ಹೋದಳು. ಪುಡಿ ನಿಂತಿತು, ಗುಳಿಗೆ ನಿಲ್ಲಲಿಲ್ಲ. ಅವಳು ಮರಳಿದ ಬೆಳಿಗ್ಗೆ ಇವರು ಗಲ್ಲಕ್ಕೆ ಟವೆಲ್ ಒತ್ತಿಕೊಂಡು ಕೂತಿದ್ದರು. ಗಡ್ಡ ಹೆರೆಯುವಾಗ ಆದ ಸಣ್ಣ ಗಾಯದಿಂದ ಒಂದು ಗಂಟೆಯಾದರೂ ರಕ್ತ ನಿಂತಿರಲಿಲ್ಲ.

ಬೀದಿಯ ಕೊನೆಯ ಕ್ಲಿನಿಕ್ಕಿನಲ್ಲಿ ಡಾಕ್ಟರು ಪಟ್ಟಿ ಬಿಗಿದು, ಪರೀಕ್ಷೆ ಮಾಡಿಸಿ, ರಕ್ತ ತೀರಾ ತೆಳುವಾಗಿದೆ ಎಂದು ಅಂದಿನ ಮಾತ್ರೆ ನಿಲ್ಲಿಸಿದರು. "ನುಂಗೋದು, ತಿನ್ನೋದು ಎಲ್ಲ ಈಗಲೇ ಒಂದು ಚೀಲದಲ್ಲಿ ತನ್ನಿ. ಒಂದನ್ನು ಮುಚ್ಚಿಟ್ಟರೂ ಮುಂದಿನ ಸಲ ರಕ್ತ ಸೋರೋದು ಗಲ್ಲದಲ್ಲಲ್ಲ, ತಲೆಯೊಳಗೆ."

ಇವರು ಮನೆಗೆ ಬಂದು, ಡಾಕ್ಟರು ಕೊಟ್ಟ ಮಾತ್ರೆಯ ಡಬ್ಬಿಯೊಂದನ್ನೇ ಚೀಲಕ್ಕೆ ಹಾಕಿಕೊಂಡು ಗೇಟಿನ ತನಕ ಹೋದರು.

"ಇಷ್ಟೇನಾ?" ಎಂದಳು ಹೆಂಡತಿ.

"ಇಷ್ಟೇ ಕಣೆ."

ಎದೆ ಟಿಕ್‌ಟಿಕ್‌ಟಿಕ್ ಎಂದು ಓಡತೊಡಗಿತು.

"ರೀ, ನಿಮ್ಮ ಗಡಿಯಾರ ಮುಂದೆ ಓಡ್ತಿದೆ. ಒಳಗೆ ಹೋಗಿ."

ಹೋದರು. ಗೋಡೆ ಗಡಿಯಾರದ ಹೊಟ್ಟೆಯಿಂದ ಬೆಳ್ಳುಳ್ಳಿ ಗುಳಿಗೆ ಹೊರಬಂತು. ಮತ್ತೆ ಗೇಟು, ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಓಟ. ಈ ಸಲ ಕೆಟ್ಟ ಅಲಾರಮ್ಮಿನೊಳಗಿಂದ ಮಂಡಿನೋವಿನ ಮಾತ್ರೆ. ಗಂಡಸಿಗೆ ಒಂದು ಸುಳ್ಳನ್ನೂ ದಕ್ಕಿಸಿಕೊಳ್ಳಲಾಗದ ಎದೆ ಹಾಕಿ ಕಳಿಸಿದ್ದಾರಲ್ಲ ಎಂದು ಗೊಣಗುತ್ತಾ ಕೊನೆಯ ಸಲ ಮನೆಯಿಂದ ಹೊರಟರು. ಈಗ ಎದೆ ಸಾವಧಾನವಾಗಿ ನಡೆಯುತ್ತಿತ್ತು.

ಹೆಂಡತಿ ಚಪ್ಪಲಿ ಮೆಟ್ಟಿ ಜೊತೆಗೆ ಬಂದಳು. ನಾಲ್ಕು ಹೆಜ್ಜೆ ಹಾಕಿ, ಹಸಿರು ಪುಡಿಯ ಡಬ್ಬಿಯೊಂದನ್ನು ಮೆಲ್ಲಗೆ ಚೀಲದೊಳಗೆ ಇಳಿಬಿಟ್ಟಳು.

"ಇದೇನೇ?"

"ಸೊಪ್ಪು. ನೀವು ಬಿಟ್ಟ ದಿನದಿಂದ ತಿಂತಾ ಇದೀರಲ್ಲ, ಅದು."

ಇವರು ಬೀದಿಯಲ್ಲೇ ನಿಂತು, ಅವಳ ಎದೆಯ ಕಡೆಗೆ ಬಾಗಿ ಕಿವಿಗೊಟ್ಟರು. ಒಂದೇ ಒಂದು ಟಿಕ್ಕೂ ಇಲ್ಲ.