ನನ್ನ ಬಾಮೈದನಿಗೆ ಚರ್ಮ ಕಾಣುವುದಿಲ್ಲ

ನನ್ನ ಬಾಮೈದನಿಗೆ ಮನುಷ್ಯರ ಚರ್ಮ ಕಾಣುವುದೇ ಇಲ್ಲ! ಕಣ್ಣೇನೋ ಚೆನ್ನಾಗಿದೆ, ದೂರದ ಬಸ್ಸಿನ ಬೋರ್ಡನ್ನೂ ಓದುತ್ತಾನೆ. ಆದರೆ ಎದುರಿಗೆ ಯಾರೇ ನಿಲ್ಲಲಿ, ಅವನಿಗೆ ಕಾಣುವುದು ಒಳಗಿನ ಮೂಳೆ, ಸ್ನಾಯು, ನರ. ಡಾಕ್ಟರಿಕೆ ಓದುವ ಮಕ್ಕಳಿಗಾಗಿ ಕಂಪ್ಯೂಟರಿನಲ್ಲಿ ತ್ರೀ-ಡಿ ಮನುಷ್ಯರನ್ನು ಮಾಡುವುದು ಅವನ ಕಸುಬು. ಮೌಸ್ ಒತ್ತಿದರೆ ಚರ್ಮ ಹೋಯಿತು, ಇನ್ನೊಮ್ಮೆ ಒತ್ತಿದರೆ ಮಾಂಸವೂ ಹೋಯಿತು!

ಮಾಗಡಿಗೆ ಹೆಣ್ಣು ನೋಡಲು ಕರೆದುಕೊಂಡು ಹೋಗಿದ್ದೆವು. ಹುಡುಗಿ ಕಾಫಿ ತಂದಳು. ಇವನು ಲೋಟ ಮುಟ್ಟದೆ, "ಒಸಿ ಕತ್ತು ಎಡಕ್ಕೆ ತಿರುಗ್ಸಿ" ಅಂದ. ಪಾಪ, ತಿರುಗಿಸಿದಳು. "ಆಹಾ, ಎಂಥಾ ಸ್ನಾಯು! ಕಿವಿ ಹಿಂದಿಂದ ಎದೆಮೂಳೆ ಗಂಟ ಹಗ್ಗ ಕಟ್ಟಿದಂಗೈತೆ!"

ಹುಡುಗಿಯ ಅಪ್ಪ ಎದ್ದು ನಿಂತರು. "ಏನ್ರಪ್ಪಾ, ಹೆಣ್ಣು ನೋಡಕ್ ಬಂದ್ರೋ, ಕುರಿ ಕೊಳ್ಳಕ್ ಬಂದ್ರೋ?" ನಾವು ಚಪ್ಪಲಿ ಹುಡುಕುತ್ತಿದ್ದರೆ ಇವನು ಅವರ ಮೊಣಕಾಲಿನ ಚಿಪ್ಪು ನೋಡುತ್ತಿದ್ದ!

ನಾನು ಓದಿದವನಲ್ಲ. ಮೀಸೆ ಬರುವ ಮೊದಲೇ ಸ್ಕೂಲು ಬಿಟ್ಟು ಚನ್ನಪಟ್ಟಣದಲ್ಲಿ ಲೇತಿನ ಮುಂದೆ ಕೂತವನು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುತ್ತೇನೆ, ತಾಳೆಗರಿ ಒತ್ತಿ ಹೊಳಪು ಕೊಡುತ್ತೇನೆ. ನನ್ನ ಗೊಂಬೆಯನ್ನು ಮಗು ಕೈಯಲ್ಲಿ ಹಿಡಿಯಬಹುದು. ಇವನದು? ಗಾಜಿನ ಹಿಂದೆ! ಹೀಗೆಂದು ದಿನಾ ಅವನನ್ನು ಆಡಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ನನ್ನ ಬಲಗೈ ಹೆಬ್ಬೆರಳಿಗೆ, ಅದರ ಪಕ್ಕದ ಬೆರಳುಗಳಿಗೆ ಜೋಮು ಹಿಡಿಯಿತು. ಉಳಿ ಜಾರತೊಡಗಿತು. ಮಣಿಕಟ್ಟಿಗೆ ಆಪರೇಷನ್ ಆಗಬೇಕು ಎಂದರು ಡಾಕ್ಟರು. ನಾನು ಎದ್ದು ಬಂದುಬಿಟ್ಟೆ. ಆ ಕೈ ಹೋದರೆ ನಾನು ಯಾರು?

"ಕತ್ತರಿ ಹಾಕ್ಸಕ್ಕೆ ನನ್ ಕೈಯೇನು ಬ್ಲೌಸ್ ಪೀಸಾ?" ಎಂದು ಹೆಂಡತಿಯ ಮೇಲೆ ಹಾರಾಡಿದೆ.

ಮಾರನೆಯ ದಿನದಿಂದ ಬಾಮೈದ ಲೇತಿನ ಪಕ್ಕ ಕೂತು ನನ್ನ ಕೈಯನ್ನೇ ನೋಡತೊಡಗಿದ.

"ಏನ್ಲಾ, ನಂಗೂ ಕತ್ತು ತಿರುಗ್ಸು ಅಂತೀಯಾ?"

"ಸುಮ್ಕೆ ಕೆಲ್ಸ ಮಾಡಿ ಭಾವ."

ಕೊನೆಗೊಂದು ದಿನ ಕಂಪ್ಯೂಟರಿನ ಮುಂದೆ ಕೂರಿಸಿದ. ಪರದೆಯಲ್ಲಿ ಒಂದು ಕೈ ತಿರುಗುತ್ತಿತ್ತು. ಸೊಟ್ಟ ಕಿರುಬೆರಳು, ಉಳಿ ಹಿಡಿದು ದಡ್ಡುಗಟ್ಟಿದ ಅಂಗೈ. ನನ್ನದೇ ಕೈ! ತಿರುಗುವುದನ್ನು ಕಂಡರೆ ಸುಮ್ಮನಿರುವ ಜಾತಿಯೇ ನಮ್ಮದು? ಹೊಳಪು ಕೊಡುವವನಂತೆ ಪರದೆಗೆ ಬೆರಳು ಒತ್ತಿಯೇಬಿಟ್ಟೆ.

"ಭಾವಾ, ಅದು ಮರ ಅಲ್ಲ!"

ಆಮೇಲೆ ಚರ್ಮ ಸರಿಸಿದ. ಮಣಿಕಟ್ಟಿನಲ್ಲೊಂದು ಬಿಗಿ ಪಟ್ಟಿ, ಅದರಡಿ ಅದುಮಿಕೊಂಡ ಹಳದಿ ನರ. "ಕುಯ್ಯೋದು ಈ ಪಟ್ಟಿ ಒಂದ್ನೇ. ನರಾನ ಮುಟ್ಟಾಕಿಲ್ಲ" ಎಂದು ಪಟ್ಟಿಯನ್ನು ಸೀಳಿ ತೋರಿಸಿದ. ನರ ಉಸಿರು ಬಿಟ್ಟಂತೆ ಕಂಡಿತು. ನಾನು ಒಪ್ಪಿದೆ.

ರಾಮನಗರದ ಆಸ್ಪತ್ರೆಯಲ್ಲಿ ನರ್ಸು ನನಗೆ ಸೂಜಿ ಚುಚ್ಚಿದ್ದೇ ತಡ, ದಿನಾ ಜನರ ಚರ್ಮ ಸುಲಿಯುವ ಈ ಧೀರ ಧೊಪ್ಪನೆ ಬಿದ್ದ! ಮೊದಲು ಮಂಚ ಸಿಕ್ಕಿದ್ದು ಅವನಿಗೇ.

ಬ್ಯಾಂಡೇಜು ಬಿಚ್ಚಿದ ದಿನ ಅವನು ಯಾವ ನರದ ಹೆಸರನ್ನೂ ಹೇಳಲಿಲ್ಲ. ನನ್ನ ಹೆಬ್ಬೆರಳನ್ನು ತನ್ನ ಮುಷ್ಟಿಯೊಳಗಿಟ್ಟುಕೊಂಡು, "ಗೊತ್ತಾಯ್ತೈತಾ ಭಾವ?" ಅಂದ.

ಅವನ ಅಂಗೈಯ ಬೆವರು, ಬಿಸಿ, ಎಲ್ಲವೂ ನನಗೆ ಗೊತ್ತಾಗುತ್ತಿತ್ತು.

"ಇನ್ನೂ ಸರ್ಯಾಗಿ ಗೊತ್ತಾಯ್ತಿಲ್ಲ ಕಣ್ಲಾ" ಅಂದೆ. "ಒಸಿ ಹಂಗೇ ಹಿಡ್ಕೊಂಡಿರು."