ಕಾರಹುಣ್ಣಿಮೆಯ ದಿನ ಹಳದಿ ಬಟನ್ ಒತ್ತಿದೆ

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಎತ್ತಿನ ಗಾಡಿ ಹೊಡೆಯುವುದರಲ್ಲಿ ನನಗೆ ಯಾರೂ ಪಾಠ ಹೇಳುವ ಹಾಗಿರಲಿಲ್ಲ. ಯಜಮಾನರು ಇದ್ದಾಗ ಕಾಯಿ ತುಂಬಿದ ಗಾಡಿಯನ್ನು ತೋಟದಿಂದ ಹಿರಿಯೂರಿನ ಮಂಡಿಗೆ ಎಷ್ಟೋ ಸಲ ನಾನೇ ಹೊಡೆದುಕೊಂಡು ಹೋಗಿದ್ದೇನೆ. ಜೋಡಿ ಎತ್ತು ಆಳಿದವಳಿಗೆ ಒಂದು ಹ್ಯಾಂಡಲ್ಲು ಯಾವ ಲೆಕ್ಕ? ಹಾಗಂದುಕೊಂಡೆ. ಅಲ್ಲೇ ಕೆಟ್ಟೆ!

ಹ್ಯಾಂಡಲ್ಲು ಎಂದರೆ ಸೊಸೆ ಗಿರಿಜಾ ತಂದ ಎಟಿವಿಯದು. ನೋಡಲು ಬೈಕು, ಚಕ್ರ ನಾಲ್ಕು, ಹಿಂದೆ ಕಾಯಿಮೂಟೆ ಕಟ್ಟಲು ಕಂಬಿ. ಬಲ ಹೆಬ್ಬೆರಳಲ್ಲಿ ಒತ್ತಿದರೆ ಓಡುತ್ತದೆ. ಮೊಣಕಾಲು ಸವೆದು ನನಗೆ ತೋಟದ ದಾರಿಯೇ ಮರೆತುಹೋಗುವುದರಲ್ಲಿತ್ತು. ಇದು ಬಂದ ಮೇಲೆ ದಿನಾ ಹೋಗತೊಡಗಿದೆ. ಅಲ್ಲಿ ಯಜಮಾನರು ನೆಟ್ಟ ತೆಂಗಿನ ಮರಗಳಿವೆ. ನಾನೇನು ಅಳಲು ಹೋಗುವುದಿಲ್ಲ. ಉದುರಿದ ಕಾಯಿ ಆರಿಸಲು ಹೋಗುತ್ತೇನೆ. ಜೊತೆಗೆ ಅವರ ಹತ್ತಿರ ನಾಲ್ಕು ಮಾತು ಜಗಳ ಆಡಿದರೆ ಆಡಿದೆ.

ಕಾರಹುಣ್ಣಿಮೆ ದಿನ ಗಿರಿಜಾ ಹೊಳಲ್ಕೆರೆಗೆ ತಂಗಿಯ ಸೀಮಂತಕ್ಕೆ ಹೊರಟಳು.

"ಅತ್ತೆ, ಕೀಲಿಕೈ ಬಿಟ್ಟು ಹೋಗ್ತೀನಿ. ಗಾಡಿಗೆ ಏನಾದ್ರೂ ಆದ್ರೆ ನಾಳೆಯಿಂದ ತೋಟಾನೂ ಇಲ್ಲ, ಗೀಟಾನೂ ಇಲ್ಲ."

"ಏಯ್ ಹೋಗೇ! ನೀನು ಹುಟ್ಟೋಕ್ ಮುಂಚೆ ಗಾಡಿ ಹೊಡ್ದೋಳು ನಾನು."

ಅವಳ ಬಸ್ಸು ಹೋಯಿತು. ನಾನು ಗೂಟದ ಕಡೆ ನೋಡಿದೆ. ಎತ್ತು ಮಾರಿದ ಮೇಲೆ ಉಳಿದಿದ್ದು ಅಲ್ಲಿ ನೇತಾಡುವ ಹಳೇ ಮೂಗುದಾರ ಒಂದೇ. ಕಾರಹುಣ್ಣಿಮೆ ದಿನ ಎತ್ತಿನ ಮೈ ತೊಳೆಯದೆ ನಾನು ಊಟ ಮಾಡಿದವಳಲ್ಲ. ಎತ್ತಿಲ್ಲದಿದ್ದರೆ ಏನಾಯಿತು, ದುಡಿಯುವ ಗಾಡಿ ಇದೆಯಲ್ಲ! ಸೀಗೆಪುಡಿ ಹಾಕಿ ಉಜ್ಜಿದೆ. ಹ್ಯಾಂಡಲ್ಲಿಗೆ ಚೆಂಡುಹೂ ಕಟ್ಟಿದೆ. ಹಳೇ ಗಾಡಿಯ ಅಚ್ಚಿಗೆ ಹಚ್ಚುತ್ತಿದ್ದ ಹಾಗೆ ಕಂಡಕಂಡ ಕೀಲಿಗೆಲ್ಲ ಹರಳೆಣ್ಣೆ ಬಳಿದೆ. ಚಕ್ರದ ಒಳಗೆ ಒಂದೊಂದು ಮಿರಮಿರ ತಟ್ಟೆ ಒಣಗಿ ಕೂತಿದ್ದವು. ಪಾಪ ಅನ್ನಿಸಿತು. ಅವಕ್ಕೆ ಎರಡು ಕೈ ಜಾಸ್ತಿ!

ತೋಟಕ್ಕೆ ಹೋಗಿದ್ದು ರಾಜಮರ್ಯಾದೆಯಲ್ಲಿ. ಹೆಬ್ಬೆರಳು ಬಿಟ್ಟರೆ ಗಾಡಿ ತಾನೇ ನಿಲ್ಲುತ್ತಿತ್ತು, ಬ್ರೇಕ್ ಹಿಡಿಯುವ ಪ್ರಸಂಗವೇ ಬರಲಿಲ್ಲ. ಕಾಯಿಮೂಟೆ ಕಟ್ಟಿದೆ. ಬದು ಕಿರಿದು, ತಿರುಗಿಸಲು ಜಾಗವಿಲ್ಲ. ಹಿಂದಕ್ಕೇ ಬರಬೇಕು. ರಿವರ್ಸ್ ಹಾಕಿ ಒತ್ತಿದೆ. ಗಾಡಿ ದಡ್ ದಡ್ ಎಂದು ಕೆಮ್ಮಿತು. ಎಷ್ಟು ಒತ್ತಿದರೂ ಹೊಸ ಮದುವಣಗಿತ್ತಿಯ ನಡಿಗೆ! ನೀರು ಹಾಕಿದ್ದಕ್ಕೆ ಶೀತವಾಗಿದೆ ಎಂದುಕೊಂಡೆ.

ಪಕ್ಕದ ಹೊಲದಲ್ಲಿ ಕುರಿ ಮೇಯಿಸುತ್ತಿದ್ದ ಈರಣ್ಣ ಕೂಗಿದ.

"ಅಕ್ಕಾ, ಎಡಗೈ ಹತ್ರ ಹಳದಿ ಬಟನ್ ಐತಲ್ಲ, ಒತ್ತಿ ಹಿಡ್ಕಳ್ರಿ. ಕೆಸರಾಗೆ ಸಿಕ್ಕೊಂಡಾಗ ಗಿರಿಜವ್ವ ಅದನ್ನೇ ಒತ್ತಿದ್ಲು."

ಎಡಗೈಯಲ್ಲಿ ಹಳದಿ ಬಟನ್ ಒತ್ತಿದೆ. ಬಲ ಹೆಬ್ಬೆರಳು ಪೂರ್ತಿ ಒತ್ತಿಯೇ ಇತ್ತು.

ಅಯ್ಯಯ್ಯಪ್ಪ! ಗಾಡಿ ಹಿಂದಕ್ಕೆ ಹಾರಿತು. ಗಾಬರಿಯಲ್ಲಿ ಹೆಬ್ಬೆರಳು ಇನ್ನೂ ಗಟ್ಟಿಯಾಯಿತು. ಬ್ರೇಕ್ ಹಿಡಿದೆ. ಬ್ರೇಕ್ ಬೆಣ್ಣೆಯಂತೆ ಜಾರಿತು. ಕುರಿಗಳು ದಿಕ್ಕಿಗೊಂದು ಓಡಿದವು. ಈರಣ್ಣ ಕುರಿಗಳಿಗಿಂತ ಮುಂಚೆ ಓಡಿದ. ನಾನು, ಗಾಡಿ, ಕಾಯಿಮೂಟೆ, ಚೆಂಡುಹೂವಿನ ಸಮೇತ ಅವನ ಕುರಿಗೊಬ್ಬರದ ಗುಂಡಿಯಲ್ಲಿ ಆಸೀನರಾದೆವು. ಗೊಬ್ಬರ ಮೆತ್ತಗಿತ್ತು. ಮೂಳೆ ಉಳಿಯಿತು, ಮಾನ ಉಳಿಯಲಿಲ್ಲ.

ಈರಣ್ಣ ಫೋನ್ ಮಾಡಿ ಹಿರಿಯೂರಿನಿಂದ ಮೆಕ್ಯಾನಿಕ್ ರಫೀಕನನ್ನು ಕರೆಸಿದ. ಗಾಡಿ ಎಳೆದು ಮೇಲೆ ಹಾಕಿದ ರಫೀಕ್ ಮೂಗರಳಿಸಿದ.

"ಅಜ್ಜಿ, ಗೊಬ್ಬರದ ವಾಸ್ನೆ ಸರಿ. ಈ ಬಾಣಂತಿ ಮನೆ ವಾಸ್ನೆ ಎಲ್ಲಿಂದ?"

"ಹರಳೆಣ್ಣೆ ಕಣಪ್ಪ. ಕೀಲಿಗೆಲ್ಲ ಹಚ್ಚಿದೀನಿ."

"ಈ ತಟ್ಟೆಗೂ?"

"ಅದಕ್ಕೆ ಜಾಸ್ತಿನೇ ಹಚ್ಚಿದೀನಿ. ಒಣಗಿತ್ತು."

ರಫೀಕ್ ತಲೆ ಹಿಡಿದುಕೊಂಡು ಕೂತುಬಿಟ್ಟ. "ಅದು ಬ್ರೇಕ್ ತಟ್ಟೆ ಅಜ್ಜಿ! ಅದಕ್ಕೆ ಎಣ್ಣೆ ಸೋಕಲೇಬಾರ್ದು."

"ಮತ್ತೆ ಹಿಂದಕ್ಕೆ ಬರೋವಾಗ ಕೆಮ್ತಿತ್ತಲ್ಲಪ್ಪ?"

"ಕೆಮ್ಮಲ್ಲ ಅದು. ರಿವರ್ಸಲ್ಲಿ ಜೋರಾಗಿ ಹೋಗಬಾರ್ದು ಅಂತ ಗಾಡಿ ಮಾಡಿದೋರೇ ತಡೆದು ಇಟ್ಟವ್ರೆ. ಹಳದಿ ಬಟನ್ ಆ ತಡೆ ಬಿಡಿಸ್ತೈತೆ. ಹೂತ್ಕೊಂಡಾಗ ಮಾತ್ರ ಒತ್ತಬೇಕು. ಅದೂ ಹೆಬ್ಬೆರಳು ಮೆಲ್ಲಗೆ."

ಮಂಡಿಯ ಮುಂದೆ ಗಾಡಿ ಹಿಂದಕ್ಕೆ ನಡೆಸುವಾಗ ಯಜಮಾನರು ಚಾಟಿ ಕೆಳಗಿಟ್ಟು ಇಳಿಯುತ್ತಿದ್ದರು. ಎತ್ತುಗಳ ಎದುರು ನಿಂತು, ಮೂಗುದಾರ ಹಿಡಿದು, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ನಾನು ಅವಸರ ಮಾಡಿದರೆ ಬೀಡಿ ಹಚ್ಚಿಕೊಂಡು ನಿಂತೇಬಿಡುತ್ತಿದ್ದರು. "ಎತ್ತಿಗೆ ಬೆನ್ನಾಗೆ ಕಣ್ಣಿಲ್ಲ ಕಣೇ. ನಿಂಗೂ ಇಲ್ಲ."

ಅವರು ಹೇಳಿದ್ದನ್ನೇ ಯಾರೋ ಕಬ್ಬಿಣದಲ್ಲಿ ಮಾಡಿಟ್ಟಿದ್ದಾರೆ. ನಾನು ಅದಕ್ಕೆ ಶೀತ ಎಂದೆ!

ಸಂಜೆ, ರಫೀಕ್ ಮನೆ ಮುಟ್ಟಿಸಿದ ಗಾಡಿಯನ್ನು ಮತ್ತೊಮ್ಮೆ ತೊಳೆದು, ಏನೂ ಅರಿಯದವಳಂತೆ ಜಗಲಿ ಮೇಲೆ ಕೂತೆ. ಗಿರಿಜಾ ಬಂದವಳೇ ಬಗ್ಗಿ, ಕಂಬಿಯ ಸಂದಿಯಿಂದ ಒಂದು ಕುರಿಹಿಕ್ಕೆ ಆರಿಸಿ ನನ್ನ ಮುಂದೆ ಹಿಡಿದಳು.

"ಅತ್ತೆ, ಗಾಡಿ ಹಿಕ್ಕೆ ಹಾಕೈತೆ."

ನಾನು ಕೀಲಿಕೈ ಕೊಟ್ಟೆ.

ಮೂರು ದಿನ ಜಗಲಿಯೇ ಗತಿ. ಜಗಳಕ್ಕೂ ಜನವಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಗಿರಿಜಾ ಕೀಲಿಕೈ ತಂದು ಮಡಿಲಿಗೆ ಹಾಕಿದಳು. "ರಫೀಕಣ್ಣ ಬ್ರೇಕ್ ಸರಿ ಮಾಡವ್ನೆ. ಹೋಗ್ಬರ್ರಿ. ಕಾಯಿ ಹಂಗೇ ಬಿದ್ದವೆ."

ಓಡಿದಂತೆ ಹೋಗಿ ನೋಡಿದರೆ, ಹಳದಿ ಬಟನ್ ಕಾಣಿಸುತ್ತಿಲ್ಲ. ಗೂಟದಲ್ಲಿದ್ದ ಹಳೇ ಮೂಗುದಾರವನ್ನು ಅದರ ಮೇಲೆ ಬಿಗಿಯಾಗಿ ಏಳು ಸುತ್ತು ಸುತ್ತಿದ್ದಾಳೆ.

ದಾರಿಯಲ್ಲಿ ಸಿಕ್ಕವರೆಲ್ಲ, "ಏನಜ್ಜಿ, ಗಾಡಿಗೂ ಮೂಗುದಾರನಾ?" ಎನ್ನುತ್ತಾರೆ.

ಹೂಂ ಎನ್ನುತ್ತೇನೆ. ಹಾಕಿದ್ದು ಯಾರಿಗೆ ಎಂದು ನಾನೇಕೆ ಹೇಳಲಿ!